ಉಪ್ಪುಗಾಳಿ, ಬುಡಮೇರು ಮತ್ತು ಎರಡು ತೊಟ್ಟಿಯ ಯಂತ್ರ: ವಿಶಾಖಪಟ್ಟಣ, ವಿಜಯವಾಡಗಳಲ್ಲಿ ವಾಷಿಂಗ್ ಮೆಷಿನ್ ರಿಪೇರಿಯ ಚರಿತ್ರೆ

ವಾಷಿಂಗ್ ಮೆಷಿನ್ನಿನ ಚರಿತ್ರೆ ಬರೆಯಲು ಹೊರಟವರಿಗೆ ಮೊದಲು ಕೈಗೆ ಸಿಗುವುದು ಜಾಹೀರಾತು. 1980ರ ದಶಕದ ಕೊನೆಯಿಂದ ಪತ್ರಿಕೆಗಳಲ್ಲೂ ದೂರದರ್ಶನದಲ್ಲೂ ಬಂದ ಜಾಹೀರಾತುಗಳನ್ನು ಸಾಲಾಗಿ ಇಟ್ಟು ನೋಡಿದರೆ ಯಾವ ಕಂಪನಿ ಯಾವಾಗ ಬಂತು, ಗೃಹಿಣಿಗೆ ಏನೆಲ್ಲ ಆಸೆ ತೋರಿಸಿತು ಎಂಬುದು ತಿಳಿಯುತ್ತದೆ. ಮನೆ ಹೊಕ್ಕ ಮೇಲೆ ಆ ಯಂತ್ರ ಹೇಗೆ ಬಾಳಿತು, ಎಲ್ಲಿ ಕೆಟ್ಟಿತು, ಕೆಟ್ಟದ್ದನ್ನು ಯಾರು ಸರಿಮಾಡಿದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಅದಕ್ಕೆ ಸರ್ವಿಸ್ ಮ್ಯಾನುವಲ್ಲು, ವಾರಂಟಿ ಕಾರ್ಡು, ಬಿಡಿಭಾಗದ ಅಂಗಡಿಯಲ್ಲಿ ನೇತುಬಿದ್ದ ಬೆಲ್ಟುಗಳು, ಗುಜರಿ ಸೇರಿದ ಯಂತ್ರದ ಒಡಲು, ಇವನ್ನೇ ಆಕರಗಳೆಂದು ಓದಬೇಕಾಗುತ್ತದೆ. ಈ ಲೇಖನ ಹಾಗೆ ಓದಲು ಆರಿಸಿಕೊಂಡಿರುವುದು ಆಂಧ್ರದ ಎರಡು ಊರುಗಳನ್ನು. ಒಂದು ಸಮುದ್ರದ ದಂಡೆಯದು, ಇನ್ನೊಂದು ಕೃಷ್ಣೆಯ ದಂಡೆಯದು. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಯಂತ್ರ ಇಲ್ಲಿ ಇಷ್ಟು ಕಾಲ ಉಳಿದದ್ದಕ್ಕೆ ಅದರ ಅಗ್ಗದ ಬೆಲೆಯೊಂದೇ ಕಾರಣವೆಂದು ಹೇಳುವುದುಂಟು. ನೀರು ಬರುವ ರೀತಿಯೂ ಊರಲ್ಲಿ ಮೊದಲೇ ಇದ್ದ ರಿಪೇರಿ ಕಸುಬೂ ಅದಕ್ಕಿಂತ ದೊಡ್ಡ ಕಾರಣಗಳು ಎಂಬುದು ನನ್ನ ವಾದ.

ಯಂತ್ರಕ್ಕೆ ಮುಂಚಿನ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ತೆಲುಗು ನಾಡಿನಲ್ಲಿ ಬಟ್ಟೆ ಒಗೆಯುವುದು ರಜಕರ ಕುಲಕಸುಬು. ನಮ್ಮ ಮಡಿವಾಳರದ್ದೂ ಅದೇ ಕೆಲಸ, ಹೆಚ್ಚುಕಡಿಮೆ ಅದೇ ಸಾಮಗ್ರಿ. ಸವಳು ಮಣ್ಣಿನ ನೀರಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಬಂಡೆಗೆ ಬಡಿದು, ಯಾರ ಮನೆಯ ಬಟ್ಟೆ ಯಾವುದೆಂದು ಕರಿಗೇರಿನ ರಸದಲ್ಲಿ ಗುರುತು ಹಾಕಿ ಒಯ್ಯುತ್ತಿದ್ದರು. ಈ ಏರ್ಪಾಡನ್ನು ಮೊದಲು ಅಲುಗಾಡಿಸಿದ್ದು ಸಾಬೂನು ಪುಡಿ. ಸರ್ಫ್ 1959ರಲ್ಲಿ ಬಂತು, ನಿರ್ಮಾ 1969ರಲ್ಲಿ. ಬಕೆಟ್ಟಿನಲ್ಲಿ ನೆನೆಹಾಕಿ ಮನೆಯಲ್ಲೇ ಒಗೆಯುವ ರೂಢಿ ನಗರದ ಮಧ್ಯಮ ವರ್ಗದಲ್ಲಿ ಬಲವಾಯಿತು. ಹಾಗಾಗಿ ಇಪ್ಪತ್ತು ಮೂವತ್ತು ವರ್ಷಗಳ ಬಳಿಕ ಬಂದ ಯಂತ್ರ ಇಳಿಸಿದ ಹೊರೆ ಹೆಚ್ಚಾಗಿ ಮನೆಯ ಹೆಂಗಸಿನದು, ಮನೆಗೆಲಸದವಳದು. ಗಂಜಿ ಹಾಕಿದ ಪಂಚೆ, ಜರಿ ಸೀರೆ ಮತ್ತು ಇಸ್ತ್ರಿಯ ಕೆಲಸ ರಜಕರ ಬಳಿಯೇ ಉಳಿದವು.

ಭಾರತದಲ್ಲಿ ಮನೆಮಾತಾದ ಎರಡು ತೊಟ್ಟಿಯ ಯಂತ್ರದ ವಂಶಾವಳಿ ಸ್ವಾರಸ್ಯಕರ. ಹೂವರ್ ಕಂಪನಿ 1948ರಲ್ಲಿ ವೇಲ್ಸ್‌ನ ಮರ್ಥರ್ ಟಿಡ್‌ಫಿಲ್‌ನಲ್ಲಿ ಹೊಸ ಕಾರ್ಖಾನೆ ತೆರೆದು, ತೊಟ್ಟಿಯ ಪಕ್ಕದ ಗೋಡೆಯಲ್ಲಿ ತಿರುಗುವ ಚಕ್ರವಿದ್ದ ಪುಟ್ಟ ಯಂತ್ರವೊಂದನ್ನು ಮಾರಿತು. ಜಪಾನಿನ ಸಾನ್ಯೊ ಆ ಬಗೆಯ ಯಂತ್ರವನ್ನು ಅಭ್ಯಾಸ ಮಾಡಿ 1953ರಲ್ಲಿ ತನ್ನದನ್ನು ಹೊರತಂದಿತು. ಮುಂದೆ ಜಪಾನಿನಲ್ಲಿ ಆ ಚಕ್ರ ತೊಟ್ಟಿಯ ತಳಕ್ಕೆ ಇಳಿಯಿತು, ಪಕ್ಕದಲ್ಲಿ ಹಿಂಡುವ ಇನ್ನೊಂದು ತೊಟ್ಟಿ ಸೇರಿಕೊಂಡಿತು. ಆ ಸಾನ್ಯೊದ ಜೊತೆಗೂಡಿಯೇ ಬೆಂಗಳೂರಿನ ಬಿಪಿಎಲ್ ತನ್ನ ವಾಷಿಂಗ್ ಮೆಷಿನ್ ತಯಾರಿಸಿತು. ವಿಡಿಯೋಕಾನ್‌ನದು ಮತ್ಸುಶಿತದ ತಂತ್ರಜ್ಞಾನ. ಅಮೆರಿಕದ ವರ್ಲ್‌ಪೂಲ್ 1987ರಲ್ಲಿ ಟಿವಿಎಸ್ ಬಳಗದೊಂದಿಗೆ ಕೈಜೋಡಿಸಿ ಪುದುಚೇರಿಯಲ್ಲಿ ಕಾರ್ಖಾನೆ ಹಾಕಿತು. ಮುಂಬಾಗಿಲಿನ ಯಂತ್ರವನ್ನು ಬಾಷ್ ತಂತ್ರಜ್ಞಾನದೊಂದಿಗೆ ಇಲ್ಲಿ ಪರಿಚಯಿಸಿದ್ದು ಐಎಫ್‌ಬಿ. ಎಂದರೆ 1990ರ ಸುಮಾರಿಗೆ ವಿಶಾಖಪಟ್ಟಣದ ಡಾಬಾ ಗಾರ್ಡನ್ಸ್‌ನಲ್ಲೋ ವಿಜಯವಾಡದ ಗವರ್ನರ್‌ಪೇಟೆಯಲ್ಲೋ ಯಂತ್ರ ಕೊಳ್ಳಲು ಹೊರಟ ಕುಟುಂಬ ಜಪಾನ್, ಅಮೆರಿಕ, ಜರ್ಮನಿ ಮೂರು ದೇಶಗಳ ಒಗೆತದ ಪದ್ಧತಿಗಳ ನಡುವೆ ಆಯ್ಕೆ ಮಾಡುತ್ತಿತ್ತು.

ಗೆದ್ದದ್ದು ಜಪಾನಿನ ಪದ್ಧತಿ. ಯಾಕೆಂದು ತಿಳಿಯಬೇಕಾದರೆ ಯಂತ್ರದ ಹಿಂದಿನ ತಗಡು ಬಿಚ್ಚಬೇಕು. ಒಳಗೆ ಎರಡು ಇಂಡಕ್ಷನ್ ಮೋಟಾರು, ಒಂದು ಒಗೆಯಲು, ಒಂದು ಹಿಂಡಲು. ಒಗೆಯುವ ಮೋಟಾರಿನಿಂದ ಬೆಲ್ಟಿನ ಮೂಲಕ ತಳದ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಹದಿನೈದು ನಿಮಿಷದ ಟೈಮರ್ ಎಂದರೆ ಸ್ಪ್ರಿಂಗ್ ಸುತ್ತಿದ ಗಡಿಯಾರವೇ. ಅದರೊಳಗಿನ ಹಲ್ಲುಗಳು ಕೆಲವು ಸೆಕೆಂಡಿಗೊಮ್ಮೆ ಸಂಪರ್ಕ ಬದಲಿಸಿ ಮೋಟಾರನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತವೆ. ಹಿಂಡುವ ತೊಟ್ಟಿ ಮೋಟಾರಿನ ದಂಡಕ್ಕೇ ಕೂಡಿಕೊಂಡು ನಿಮಿಷಕ್ಕೆ ಸುಮಾರು 1300 ಸುತ್ತು ಸುತ್ತುತ್ತದೆ. ಮುಚ್ಚಳ ಎತ್ತಿದರೆ ತಂತಿಯೊಂದು ಸಡಿಲವಾಗಿ ಬ್ರೇಕ್ ಹಿಡಿಯುತ್ತದೆ. ನೀರು ಬಿಡಲು ಒಂದು ತಿರುಗಣೆ, ಅದರ ತುದಿಗೆ ರಬ್ಬರ್ ಬಿರಡೆ. ಇದಿಷ್ಟರಲ್ಲಿ ಕಣ್ಣಿಗೆ ಕಾಣದ, ಕೈಗೆ ಸಿಗದ ಭಾಗವೊಂದೂ ಇಲ್ಲ. ಮೋಟಾರು ಗುಂಯ್ ಎಂದು ಸದ್ದು ಮಾಡಿ ತಿರುಗದೆ ನಿಂತರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ (ಕೆಪ್ಯಾಸಿಟರನ್ನು ಮೆಕ್ಯಾನಿಕ್ಕುಗಳು ಇವತ್ತಿಗೂ ಹಾಗೆಯೇ ಕರೆಯುತ್ತಾರೆ). ಹಿಂಡುವ ತೊಟ್ಟಿ ಒದರಿಕೊಂಡು ಕುಣಿದರೆ ಬಟ್ಟೆ ಒಂದೇ ಕಡೆ ಸೇರಿದೆ, ಇಲ್ಲವೇ ಕೆಳಗಿನ ಸ್ಪ್ರಿಂಗ್ ಸೋತಿದೆ. ತಳದಿಂದ ನೀರು ತೊಟ್ಟಿಕ್ಕಿದರೆ ಆಯಿಲ್ ಸೀಲ್ ಹೋಗಿದೆ. ಯಾವುದೂ ಕೆಟ್ಟಿಲ್ಲದಿದ್ದರೂ ಯಂತ್ರ ಸತ್ತಿದ್ದರೆ ತಳದಲ್ಲಿ ಇಲಿ ವೈರು ಕಡಿದಿದೆ. ಮುಂದೆ ಕಂಪನಿಗಳು ತಳಕ್ಕೆ ಜಾಲರಿ ಹಾಕಿ ಅದನ್ನೇ ಹೊಸ ಸೌಲಭ್ಯವೆಂದು ಜಾಹೀರಾತು ಕೊಟ್ಟವು. ಇಲಿಯೂ ಯಂತ್ರದ ವಿನ್ಯಾಸವನ್ನು ತಿದ್ದಿದೆ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ನೀರಿನ ಮಾತು. ವಿಶಾಖಪಟ್ಟಣಕ್ಕೆ ಮುಡಸರ್ಲೋವ, ಮೇಘಾದ್ರಿಗೆಡ್ಡ, ತಾಟಿಪೂಡಿ, ರೈವಾಡ ಮುಂತಾದ ಜಲಾಶಯಗಳಿಂದ ನೀರು ಬರುತ್ತದೆ. ನಲ್ಲಿಯಲ್ಲಿ ಅದು ದಿನವಿಡೀ ಹರಿಯುವುದಿಲ್ಲ. ಬಂದ ಹೊತ್ತಿಗೆ ಹಿಡಿದು ಸಂಪಿಗೋ ಡ್ರಮ್ಮಿಗೋ ತುಂಬಿಕೊಳ್ಳಬೇಕು. ಮುಂಬಾಗಿಲಿನ ಯಂತ್ರಕ್ಕೆ ಬೇಕಾದದ್ದು ಸದಾ ಒತ್ತಡದಲ್ಲಿರುವ ನಲ್ಲಿ, ಸಾಮಾನ್ಯವಾಗಿ ಕನಿಷ್ಠ 0.3 ಬಾರ್. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡವಿರುವುದರಿಂದ ಟ್ಯಾಂಕಿನ ತಳ ಯಂತ್ರಕ್ಕಿಂತ ಮೂರು ಮೀಟರಾದರೂ ಮೇಲಿರಬೇಕು ಎಂದಾಯಿತು. ಮೂರಂತಸ್ತಿನ ಕಟ್ಟಡದ ನೆಲಮಹಡಿಯವರಿಗೆ ಅದು ಕಷ್ಟವಲ್ಲ. ಟ್ಯಾಂಕಿನ ಅಡಿಯಲ್ಲೇ ವಾಸಿಸುವ ಮೇಲಂತಸ್ತಿನವರ ಯಂತ್ರ ನೀರಿಗಾಗಿ ಕಾದು ಕಾದು ದೋಷದ ಸಂಕೇತ ತೋರಿಸಿ ನಿಲ್ಲುತ್ತದೆ. ಎರಡು ತೊಟ್ಟಿಯದಕ್ಕೆ ಬಕೆಟ್ಟಿನಲ್ಲಿ ಎರೆದರೂ ನಡೆಯುತ್ತದೆ. ಒಂದು ಸಲದ ಸಾಬೂನು ನೀರಲ್ಲೇ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಕಾಲೊರಸು ಎಂದು ಮೂರು ಸುತ್ತು ತೆಗೆಯಬಹುದು. ಕರೆಂಟು ಹೋದರೂ ಸ್ಪ್ರಿಂಗಿನ ಟೈಮರ್ ಓಡುತ್ತಲೇ ಇರುತ್ತದೆ, ಬಂದ ಮೇಲೆ ಅದನ್ನು ಮತ್ತೆ ತಿರುಗಿಸಿಕೊಂಡರೆ ಸಾಕು. ನೀರಿಗೂ ವಿದ್ಯುತ್ತಿಗೂ ಭರವಸೆಯಿಲ್ಲದ ಊರಿಗೆ ಇದು ಹೇಳಿಮಾಡಿಸಿದ ಯಂತ್ರ.

ವಿಶಾಖಪಟ್ಟಣದಲ್ಲಿ ಯಂತ್ರದ ಮೈಗೆ ಬೇರೆಯೇ ಶತ್ರು, ಕಡಲಿನ ಉಪ್ಪುಗಾಳಿ. ಬಣ್ಣ ಬಳಿದ ಉಕ್ಕಿನ ತಗಡು ಮೊದಲು ತಿರುಪುಗಳ ಸುತ್ತ, ಆಮೇಲೆ ಕೆಳಅಂಚಿನಲ್ಲಿ ತುಕ್ಕು ಹಿಡಿಯುತ್ತದೆ. ಬಾಲ್ಕನಿಯಲ್ಲಿಟ್ಟ ಯಂತ್ರಕ್ಕೆ ಈ ಕಾಟ ಇನ್ನೂ ಬೇಗ. ತಿರುಪಿನ ತಲೆ ಸವೆದು ಹೋದರೆ ರಿಪೇರಿಯ ಅರ್ಧ ಹೊತ್ತು ಬಿಚ್ಚುವುದರಲ್ಲೇ ಕಳೆಯುತ್ತದೆ. ವೈರಿನ ತುದಿಯ ಕ್ಲಿಪ್ಪುಗಳು ಹಸಿರುಗಟ್ಟಿ ಸಂಪರ್ಕ ತಪ್ಪುತ್ತವೆ. ಪೂರ್ತಿ ಪ್ಲಾಸ್ಟಿಕ್ ಮೈಯ ಯಂತ್ರ ಬಂದಾಗ ಕರಾವಳಿಯ ಗಿರಾಕಿ ಅದನ್ನು ಮೆಚ್ಚಿದ್ದು ಈ ಕಾರಣಕ್ಕೆ. ಆದರೆ ಮುಂಬಾಗಿಲಿನ ಯಂತ್ರದಲ್ಲಿ ಡ್ರಮ್ಮಿನ ಹಿಂದಿರುವ ಮೂರು ಕಾಲಿನ ಅಲ್ಯೂಮಿನಿಯಂ ಆಧಾರ ತಿಂದುಹೋಗುವುದನ್ನೂ ಕಡಲಿನ ಲೆಕ್ಕಕ್ಕೆ ಬರೆಯುವುದು ತಪ್ಪು. ಅದು ಸ್ಟೇನ್‌ಲೆಸ್ ಉಕ್ಕಿನ ಜೊತೆ ಸದಾ ಒದ್ದೆಯಲ್ಲಿ, ಕ್ಷಾರದ ಪುಡಿಯ ನಡುವೆ ಇರುವುದರಿಂದ ಆಗುವ ಸವೆತ. ಕಡಲಿಲ್ಲದ ಬಳ್ಳಾರಿಯಲ್ಲೂ ಆಗುತ್ತದೆ.

ಇದಲ್ಲದೆ ವಿಶಾಖಪಟ್ಟಣ ನೌಕಾಪಡೆ, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳ ಊರು. ತಿಂಗಳ ಸಂಬಳ, ಕ್ಯಾಂಟೀನ್ ದರದ ಖರೀದಿ, ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಲಾರಿ ಹತ್ತಿದ ಮುಂಬಾಗಿಲಿನ ಯಂತ್ರದ ಡ್ರಮ್ಮನ್ನು ಬಿಗಿಹಿಡಿಯಲು ಹಿಂಭಾಗದಲ್ಲಿ ಸಾಗಣೆಯ ಬೋಲ್ಟುಗಳನ್ನು ಮತ್ತೆ ಹಾಕಬೇಕು. ಮೊದಲ ದಿನ ತೆಗೆದಿಟ್ಟ ಆ ಬೋಲ್ಟು ಐದು ವರ್ಷದ ಮೇಲೆ ಯಾರ ಮನೆಯಲ್ಲಿ ಸಿಕ್ಕೀತು? ಎರಡು ತೊಟ್ಟಿಯ ಯಂತ್ರವನ್ನು ಇಬ್ಬರು ಎತ್ತಿದರೆ ಸಾಕು, ಹಳೆಯ ಸೀರೆ ತುರುಕಿದರೆ ತೊಟ್ಟಿ ಅಲುಗದು.

ವಿಜಯವಾಡದ ಕಥೆಯಲ್ಲಿ ಕಸುಬಿನ ಪಾಲು ಹೆಚ್ಚು. ಕೃಷ್ಣಾ ಮುಖಜಭೂಮಿಯ ಪಂಪ್‌ಸೆಟ್ಟುಗಳು ಸುಟ್ಟಾಗ ತಾಮ್ರದ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಗಳು, ಲಾರಿಗಳ ಸಮಸ್ತ ರಿಪೇರಿಗೆ ಹೆಸರಾದ ಜವಾಹರ್ ಆಟೋನಗರದ ಲೇತು, ಬೇರಿಂಗ್, ಬೆಲ್ಟು, ರಬ್ಬರಿನ ವ್ಯಾಪಾರ, ಇವೆಲ್ಲ ವಾಷಿಂಗ್ ಮೆಷಿನ್ ಬರುವುದಕ್ಕೆ ಮುಂಚೆಯೇ ಇಲ್ಲಿ ನೆಲೆಯೂರಿದ್ದವು. ಐದು ಅಶ್ವಶಕ್ತಿಯ ಮೋಟಾರು ಸುತ್ತಬಲ್ಲ ಕೈಗೆ ಒಗೆಯುವ ಯಂತ್ರದ ಪುಟ್ಟ ಮೋಟಾರು ಕಷ್ಟವಲ್ಲ. ಕಂಪನಿಯ ಸರ್ವಿಸ್ ಸೆಂಟರಿನವರು ಮೋಟಾರನ್ನೇ ಬದಲಿಸಿ ಎನ್ನುವಲ್ಲಿ ವೈಂಡಿಂಗ್ ಅಂಗಡಿ ಸುತ್ತಿ ಕೊಡುತ್ತಿತ್ತು. ಅಲ್ಯೂಮಿನಿಯಂ ತಂತಿಯ ಅಗ್ಗದ ಮೋಟಾರುಗಳು ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು: ಸುತ್ತಿಸುವ ಕೂಲಿಗೂ ಹೊಸ ಮೋಟಾರಿನ ಬೆಲೆಗೂ ಅಂತರ ಕರಗಿತು.

ರಿಪೇರಿಯ ಚರಿತ್ರೆಗೆ ಎರಡು ವಿಪತ್ತುಗಳು ಮುಖ್ಯ ಆಕರಗಳಾಗಿವೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಊರಿನ ಬಹುಭಾಗಕ್ಕೆ ಹಲವು ದಿನ ವಿದ್ಯುತ್ತೂ ನಲ್ಲಿ ನೀರೂ ಇರಲಿಲ್ಲ. ಸ್ವಯಂಚಾಲಿತ ಯಂತ್ರವಿದ್ದವರೂ ಆ ದಿನಗಳಲ್ಲಿ ಒಗೆಯುವ ಕಲ್ಲಿಗೆ ಮರಳಿದರು. ವಿಜಯವಾಡದ ವಿಪತ್ತು ಇನ್ನೂ ನೇರವಾದದ್ದು. 2024ರ ಸೆಪ್ಟೆಂಬರ್ 1ರಂದು ಬುಡಮೇರು ಹೊಳೆ ಒಡ್ಡು ಒಡೆದು ಸಿಂಗ್ ನಗರ, ಪಾಯಕಾಪುರಂ, ರಾಜರಾಜೇಶ್ವರಿಪೇಟೆ ಸೇರಿದಂತೆ ಊರಿನ ದೊಡ್ಡ ಭಾಗಕ್ಕೆ ನುಗ್ಗಿತು. ಮರುದಿನ ಕೃಷ್ಣೆಯ ಪ್ರಕಾಶಂ ಬ್ಯಾರೇಜಿನಲ್ಲಿ 11.43 ಲಕ್ಷ ಕ್ಯೂಸೆಕ್‌ನ ದಾಖಲೆ ಪ್ರವಾಹ. ನೀರು ದಿನಗಟ್ಟಲೆ ನಿಂತಿತು. ಇಳಿದ ಮೇಲೆ ಬೀದಿ ಬೀದಿಯಲ್ಲಿ ಕೆಸರು ಮೆತ್ತಿದ ಫ್ರಿಜ್ಜು, ವಾಷಿಂಗ್ ಮೆಷಿನ್ನು, ಟಿವಿಗಳು. ಸರ್ಕಾರ ನೆಲಮಹಡಿಯ ಮನೆಗೆ 25,000 ರೂಪಾಯಿ, ಮೇಲಿನ ಮಹಡಿಯದಕ್ಕೆ 10,000 ರೂಪಾಯಿ ಪರಿಹಾರ ಘೋಷಿಸಿತು. ತಯಾರಕರನ್ನು ಕರೆದು ರಿಪೇರಿಗೆ ನೆರವಾಗುವಂತೆ ಕೇಳಿತು. ಗೃಹೋಪಯೋಗಿ ಯಂತ್ರದ ರಿಪೇರಿ ಸರ್ಕಾರದ ಪರಿಹಾರ ಕಾರ್ಯದ ಭಾಗವಾದದ್ದು ಚರಿತ್ರೆಕಾರರು ಗಮನಿಸಬೇಕಾದ ಸಂಗತಿ.

ಮುಳುಗಿದ ಯಂತ್ರವನ್ನು ಬದುಕಿಸುವ ಕ್ರಮವೇ ಹಳತು ಹೊಸತರ ಭೇದವನ್ನು ತೋರಿಸುತ್ತದೆ. ಪ್ಲಗ್ಗಿಗೆ ಹಾಕದೆ ಮೋಟಾರು ಬಿಚ್ಚಿ, ಕೆಸರನ್ನು ಶುದ್ಧ ನೀರಲ್ಲಿ ತೊಳೆದು, ಬಿಸಿಲಲ್ಲೋ ಬಲ್ಬಿನ ಕಾವಿನಲ್ಲೋ ಒಣಗಿಸಿ, ಮೆಗ್ಗರ್ ಹಿಡಿದು ನಿರೋಧ ಪರೀಕ್ಷಿಸಿ, ಬೇಕಾದರೆ ವಾರ್ನಿಷ್ ಕುಡಿಸಿ, ಬೇರಿಂಗ್ ಬದಲಿಸಿದರೆ ಎರಡು ತೊಟ್ಟಿಯ ಯಂತ್ರ ಬಹುಪಾಲು ಎದ್ದು ಕೂರುತ್ತದೆ. ಸ್ವಯಂಚಾಲಿತದಲ್ಲಿ ಮೋಟಾರು ಬದುಕಿದರೂ ನಿಯಂತ್ರಣದ ಬೋರ್ಡಿನೊಳಗೆ ನೀರು ಹೊಕ್ಕಿದ್ದರೆ ಕೆಲಸ ಕೆಟ್ಟಂತೆ. ಆ ಬೋರ್ಡುಗಳ ಮೇಲೆ ಅಂಟಿನಂಥ ರಾಳ ಸುರಿದಿರುವುದು ತೇವ ತಡೆಯಲಿಕ್ಕೆ. ಅದೇ ರಾಳ ಮೆಕ್ಯಾನಿಕ್ಕಿನ ಬೆಸುಗೆ ಕಡ್ಡಿಯನ್ನೂ ತಡೆಯುತ್ತದೆ.

ಕಂಪನಿಗಳ ಆಯುಷ್ಯಕ್ಕಿಂತ ಯಂತ್ರಗಳ ಆಯುಷ್ಯ ದೊಡ್ಡದಾದದ್ದೂ ಉಂಟು. ಒಂದು ಕಾಲಕ್ಕೆ ಮನೆಮನೆಯ ಹೆಸರಾಗಿದ್ದ ಬಿಪಿಎಲ್ 2000ರ ದಶಕದಲ್ಲಿ ಹಿಂದೆ ಸರಿಯಿತು. ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅವುಗಳ ಯಂತ್ರವಿದ್ದವರಿಗೆ ಒರಿಜಿನಲ್ ಬಿಡಿಭಾಗ ಸಿಗದೆ ಹೋದರೂ ಬೇರೆ ಕಂಪನಿಯ ಟೈಮರ್, ಯಾವ ಮೇಕಿಗೂ ಹೊಂದುವ ಯೂನಿವರ್ಸಲ್ ಬೋರ್ಡು, ಹೆಸರಿಲ್ಲದ ಕಾರ್ಖಾನೆಯ ಚಕ್ರ ಹಾಕಿ ನಡೆಸಿದರು. ಮುಖದಲ್ಲಿ ಒಂದು ಹೆಸರು, ಹೊಟ್ಟೆಯಲ್ಲಿ ನಾಲ್ಕು ಹೆಸರು. ಇಂಥ ಯಂತ್ರವನ್ನು ವಸ್ತುಸಂಗ್ರಹಾಲಯದಲ್ಲಿಟ್ಟರೆ ಯಾವ ವರ್ಷದ್ದೆಂದು ಚೀಟಿ ಅಂಟಿಸುವುದು?

ಹಳೆಯ ಯಂತ್ರಗಳ ನೆನಪು ಹೇಳುವವರ ಮಾತಿನಲ್ಲಿ ಒಗೆತದ ಗುಣ ಅಪರೂಪಕ್ಕೆ ಬರುತ್ತದೆ. ಬರುವುದು ಕಂತಿನಲ್ಲಿ ಕಟ್ಟಿದ ಹಣ, ಮಗಳ ಸಾರೆಯ (ಮದುವೆಯಾದವಳಿಗೆ ತವರಿನವರು ಕೊಟ್ಟು ಕಳಿಸುವ) ಸಾಮಾನಿನ ಪಟ್ಟಿಗೆ ಹೊಸದಾಗಿ ಸೇರಿದ ವಸ್ತು, ಕೆಲಸ ಮುಗಿದಾಗಿನ ಬಜರ್ ಸದ್ದು, ಮುಚ್ಚಳದ ಮೇಲೆ ಹಾಸಿದ ಕ್ರೋಷಾ ಬಟ್ಟೆ. ಪಂಜಾಬಿನ ಢಾಬಾಗಳಲ್ಲಿ ಇದೇ ಯಂತ್ರದಲ್ಲಿ ಲಸ್ಸಿ ಕಡೆಯುತ್ತಿದ್ದ ಕಥೆ ದೇಶಕ್ಕೆಲ್ಲ ಗೊತ್ತು. ಆಂಧ್ರದ ಮಜ್ಜಿಗೆ ಮಾತ್ರ ಕಡಗೋಲನ್ನು ಬಿಡಲಿಲ್ಲವೆನ್ನಿ.

ಕಾನೂನು ಈ ಕ್ಷೇತ್ರಕ್ಕೆ ತಡವಾಗಿ ಬಂತು. ಇ-ತ್ಯಾಜ್ಯದ ಮೊದಲ ನಿಯಮಗಳು 2012ರ ಮೇ 1ರಿಂದ ಜಾರಿಯಾದವು, ಅವುಗಳ ಪಟ್ಟಿಯಲ್ಲಿ ವಾಷಿಂಗ್ ಮೆಷಿನ್ ಇತ್ತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿನ ಪೋರ್ಟಲ್ ತೆರೆದು, ಗೃಹೋಪಯೋಗಿ ವಸ್ತುಗಳನ್ನೂ ಅದರಲ್ಲಿ ಸೇರಿಸಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ಇ-ತ್ಯಾಜ್ಯ ನಿಯಮಗಳು ಹಳೆಯ ಯಂತ್ರವನ್ನು ಸರಿಪಡಿಸಿ ಆಯುಷ್ಯ ಹೆಚ್ಚಿಸುವವರನ್ನೂ ಗುರುತಿಸುತ್ತವೆ, ಅವರು ಆ ನಿಯಮಗಳ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡಿದ್ದರೆ. ಗವರ್ನರ್‌ಪೇಟೆಯ ಗಲ್ಲಿಯಲ್ಲಿ ಸ್ಟೂಲು ಹಾಕಿಕೊಂಡು ಕಂಡೆನ್ಸರ್ ಬದಲಿಸುವವನು ಆ ಲೆಕ್ಕದೊಳಗೆ ಬರುವುದಿಲ್ಲ. ಅವನು ಉಳಿಸಿದ ಯಂತ್ರವೂ ಬರುವುದಿಲ್ಲ.