ಮಾಲೀಕನ ಗಡಿಯಾರ, ಕೂಲಿಯ ಒಪ್ಪಿಗೆ

ಭಾನುವಾರದ ರಜೆ ಬ್ರಿಟಿಷರು ಕೊಟ್ಟ ದಾನ ಅಂತ ಬಹಳ ಜನ ನಂಬಿದ್ದಾರೆ. ಗಿರಣಿ ಕೂಲಿಗಳ ಮಟ್ಟಿಗೆ ಈ ಮಾತು ಸುಳ್ಳು. 1881ರ ಫ್ಯಾಕ್ಟರಿ ಕಾಯ್ದೆ ಮಕ್ಕಳ ದುಡಿಮೆಯನ್ನು ದಿನಕ್ಕೆ 9 ಗಂಟೆಗೆ ನಿಲ್ಲಿಸಿತು. ದೊಡ್ಡವರ ಬಗ್ಗೆ ಬಾಯಿ ಬಿಡಲಿಲ್ಲ. ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಗಂಡಸರು, ಹೆಂಗಸರು ಹೊತ್ತು ಹುಟ್ಟಿದಾಗಿನಿಂದ ಮುಳುಗೋತನಕ ದುಡಿದರು.

ಇದನ್ನು ಪ್ರಶ್ನಿಸಿದವರು ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ. 1884ರಲ್ಲಿ ಸುಮಾರು 5,500 ಕೂಲಿಗಳ ಪರವಾಗಿ ಬೇಡಿಕೆ ಇಟ್ಟರು: ವಾರಕ್ಕೊಂದು ದಿನ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಎಷ್ಟು ಸಣ್ಣ ಬೇಡಿಕೆ ನೋಡಿ! ಅದಕ್ಕೂ ಮಾಲೀಕರದು ಸಾವಿರ ತಕರಾರು. ಹಬ್ಬಗಳಿಗೆ ರಜೆ ಸಿಗುತ್ತಲ್ಲ ಅಂದರು. ಇದೆಲ್ಲ ಲಂಕಾಷೈರ್ ಗಿರಣಿಯವರ ಹೊಟ್ಟೆಕಿಚ್ಚು ಅಂದರು. ಕೂಲಿಗಳಿಗೇ ಇದು ಬೇಡ ಅಂತ ಅವರ ಪರವಾಗಿ ತಾವೇ ಸಾಕ್ಷಿ ಹೇಳಿದರು.

ಕೂಲಿಗಳು ತಮ್ಮ ಬಾಯಿಂದಲೇ ಉತ್ತರ ಕೊಟ್ಟರು. 1890ರ ಏಪ್ರಿಲ್ 24ರಂದು ಸುಮಾರು 10,000 ಜನ ಸಭೆ ಸೇರಿದರು. ಇಬ್ಬರು ಹೆಂಗಸರೂ ಎದ್ದು ಮಾತಾಡಿದರು. ಆ ಜೂನ್‌ನಲ್ಲೇ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಗಿರಣಿಗಳೇನೂ ಮುಳುಗಲಿಲ್ಲ.

1908ರ ಆಯೋಗದ ಬಹುಮತವೂ ವಯಸ್ಕ ಗಂಡಸರ ದುಡಿಮೆಗೆ ನೇರ ಮಿತಿ ಬೇಡವೆಂದಿತು. ಮದರಾಸಿನ ಡಾ. ಟಿ. ಎಂ. ನಾಯರ್ ಒಪ್ಪದೆ ಭಿನ್ನಮತ ಬರೆದರು. ಆಮೇಲೆ ಜಸ್ಟೀಸ್ ಪಕ್ಷ ಕಟ್ಟಿದವರಲ್ಲಿ ಇವರೂ ಒಬ್ಬರು. 1911ರಲ್ಲಿ ಬಟ್ಟೆ ಗಿರಣಿಗಳಿಗೆ ದಿನಕ್ಕೆ 12 ಗಂಟೆಯ ಮಿತಿ ಬಂತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54. ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಬಾಬಾಸಾಹೇಬ್ ಅಂಬೇಡ್ಕರ್ 1946ರ ತಿದ್ದುಪಡಿಯಿಂದ ಅದನ್ನು 48ಕ್ಕೆ ಇಳಿಸಿದರು. ಬಾಬಾಸಾಹೇಬರು 14 ಗಂಟೆಯನ್ನು ಒಂದೇಟಿಗೆ 8ಕ್ಕೆ ತಂದರು ಅಂತ ಭಾಷಣಗಳಲ್ಲಿ ಹೇಳೋದುಂಟು. ಹಾಗಲ್ಲ. ಒಂದೊಂದು ಗಂಟೆಯನ್ನೂ ಎಳೆದಾಡಿ ಕಿತ್ತುಕೊಳ್ಳಬೇಕಾಯಿತು. ಬಾಬಾಸಾಹೇಬರ ಕೆಲಸದ ತೂಕ ಇದರಿಂದ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

2023ರಲ್ಲಿ ಕರ್ನಾಟಕ ಸರ್ಕಾರ ಫ್ಯಾಕ್ಟರಿ ಕಾಯ್ದೆ ತಿದ್ದಿ, ವಾರದ 48 ಗಂಟೆ ಉಳಿಸಿಕೊಂಡೇ ದಿನದ ದುಡಿಮೆಯನ್ನು 12 ಗಂಟೆವರೆಗೆ ಎಳೆಯಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿ 145ಕ್ಕೆ ಏರಿತು. ಕೂಲಿಯ ಒಪ್ಪಿಗೆ ಇದ್ದರೆ ಮಾತ್ರ ಅಂತ ಸಮಜಾಯಿಷಿ ಬೇರೆ.

ಒಪ್ಪಿಗೆ! ನಮ್ಮ ಹಳ್ಳಿಗಳಲ್ಲಿ ಜೀತಕ್ಕೆ ಬಿದ್ದವನೂ ಹೆಬ್ಬೆಟ್ಟು ಒತ್ತಿಯೇ ಬಿದ್ದಿದ್ದ. ಒಲ್ಲೆ ಅಂದರೆ ಒಲೆ ಹತ್ತದು ಅನ್ನುವವನ ಒಪ್ಪಿಗೆ ಎಂಥ ಒಪ್ಪಿಗೆ? ಗೆಳೆಯರೇ, ಕೂಲಿಯ ಪರವಾಗಿ ಮಾಲೀಕ ಮಾತಾಡಿದಾಗೆಲ್ಲ ಲೋಖಂಡೆಯವರ ಸಭೆಯಲ್ಲಿ ಎದ್ದುನಿಂತ ಆ ಇಬ್ಬರು ಹೆಂಗಸರನ್ನು ನೆನೆಯಿರಿ. ನಮ್ಮ ಮಾತು ನಾವೇ ಆಡಬೇಕು.