ಬಣ್ಣದ ತ್ಯಾಜ್ಯನೀರಿನ ಸಂಸ್ಕರಣೆಯಲ್ಲಿ ನ್ಯಾನೋ ಕಣಗಳ ಬಳಕೆ

ಪೀಠಿಕೆ:
ನೂಲು ಹಾಗೂ ಬಟ್ಟೆಗೆ ಬಣ್ಣ ಹಾಕುವ ಘಟಕಗಳಲ್ಲಿ ಬಳಸಿದ ಬಣ್ಣವೆಲ್ಲವೂ ಎಳೆಗೆ ಹಿಡಿಯುವುದಿಲ್ಲ. ಹತ್ತಿ ಬಟ್ಟೆಗೆ ಬಳಸುವ ರಿಯಾಕ್ಟಿವ್ ಬಣ್ಣಗಳಲ್ಲಿ ಶೇ. 10ರಿಂದ 50ರಷ್ಟು ಭಾಗವು ನೀರಿನಲ್ಲಿಯೇ ಉಳಿದು ಹೊರಹೋಗಬಹುದಾಗಿದೆ. ಬಿಸಿಲಿಗೂ ಸಾಬೂನಿಗೂ ಮಾಸಬಾರದೆಂದೇ ತಯಾರಿಸಲಾದ ಈ ಬಣ್ಣಗಳು ಜೈವಿಕ ಸಂಸ್ಕರಣಾ ತೊಟ್ಟಿಯ ಸೂಕ್ಷ್ಮಜೀವಿಗಳಿಗೂ ಸುಲಭವಾಗಿ ಜಗ್ಗುವುದಿಲ್ಲ. ಗ್ರಾಹಕರು ಬಯಸುವ ಗುಣವೇ ಹಳ್ಳಕೊಳ್ಳಗಳ ಪಾಲಿಗೆ ದೋಷವಾಗಿರುತ್ತದೆ.

ನ್ಯಾನೋ ಕಣಗಳ ಕಾರ್ಯವಿಧಾನ:
ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದವುಗಳನ್ನು ನ್ಯಾನೋ ಕಣಗಳೆಂದು ಕರೆಯಲಾಗುತ್ತದೆ. ಗಾತ್ರ ಕುಗ್ಗಿದಂತೆ ಮೇಲ್ಮೈ ಹೆಚ್ಚುತ್ತದೆ. ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಪುಡಿಯ ಒಂದು ಗ್ರಾಮಿಗೆ ಸುಮಾರು 50 ಚದರ ಮೀಟರ್ ಮೇಲ್ಮೈ ಇರುತ್ತದೆ. ಅಂದರೆ ಒಂದು ಚಿಟಿಕೆ ಪುಡಿಯಲ್ಲಿ 30x40 ನಿವೇಶನದ ಅರ್ಧಕ್ಕೆ ಸ್ವಲ್ಪ ಕಡಿಮೆ ವಿಸ್ತೀರ್ಣ.

ಕಬ್ಬಿಣದ ಆಕ್ಸೈಡಾದ ಮ್ಯಾಗ್ನೆಟೈಟ್ ಕಣಗಳು ಬಣ್ಣವನ್ನು ತಮ್ಮ ಮೇಲ್ಮೈಗೆ ಅಂಟಿಸಿಕೊಳ್ಳುತ್ತವೆ. ಅನಂತರ ಅಯಸ್ಕಾಂತದಿಂದ ಅವುಗಳನ್ನು ಸೆಳೆದು ತೆಗೆಯಬಹುದು. ಟೈಟಾನಿಯಂ ಡೈಆಕ್ಸೈಡ್ ಅತಿನೇರಳೆ ಬೆಳಕು ಬಿದ್ದಾಗ ಹೈಡ್ರಾಕ್ಸಿಲ್ ರಾಡಿಕಲ್‌ಗಳನ್ನು ಉಂಟುಮಾಡಿ ಬಣ್ಣದ ಅಣುವನ್ನು ಒಡೆಯುತ್ತದೆ. ಈ ವಸ್ತುವಿನ ಮೇಲೆ ಬೆಳಕಿನ ಪರಿಣಾಮವನ್ನು ಕುರಿತು ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಅವರು 1972ರಲ್ಲಿ ಪ್ರಕಟಿಸಿದ ಸಂಶೋಧನೆಯು ಈ ಕ್ಷೇತ್ರಕ್ಕೆ ದಾರಿ ತೆರೆಯಿತು. ಆದರೆ ಭೂಮಿಗೆ ತಲುಪುವ ಬಿಸಿಲಿನಲ್ಲಿ ಅತಿನೇರಳೆಯ ಪಾಲು ಸುಮಾರು ಶೇ. 5 ಮಾತ್ರ. ಗಾಢ ಬಣ್ಣದ ನೀರಿನೊಳಗೆ ಅದೂ ಇಳಿಯುವುದಿಲ್ಲ. ಆದುದರಿಂದ ಈ ವಿಧಾನವು ಮೊದಲ ಹಂತಕ್ಕಿಂತ ಕೊನೆಯ ಹಂತಕ್ಕೆ ಸೂಕ್ತ.

ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧವಲ್ಲ:
ಘಟಕದಾರರು ಮುಖ್ಯವಾಗಿ ಗಮನಿಸತಕ್ಕ ಅಂಶವಿದು. ಜವಳಿ ಬಣ್ಣಗಳಲ್ಲಿ ಬಹುಪಾಲು ಅಜೋ ವರ್ಗಕ್ಕೆ ಸೇರಿವೆ. ಎರಡು ಸಾರಜನಕ ಪರಮಾಣುಗಳ ನಡುವಿನ ಬಂಧ ಕಡಿದ ಕೂಡಲೇ ಇವು ಬಣ್ಣ ಕಳೆದುಕೊಳ್ಳುತ್ತವೆ. ಆದರೆ ತುಂಡಾದ ಭಾಗಗಳು ಆರೊಮ್ಯಾಟಿಕ್ ಅಮೈನ್‌ಗಳಾಗಿ ನೀರಿನಲ್ಲಿಯೇ ಉಳಿಯಬಹುದು. ಇವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕಗಳು. ತಿಳಿಯಾದ ನೀರನ್ನು ಕಣ್ಣಂದಾಜಿನಿಂದ ಒಪ್ಪಿಕೊಳ್ಳದೆ ರಾಸಾಯನಿಕ ಆಮ್ಲಜನಕ ಬೇಡಿಕೆಯನ್ನೂ ಪರೀಕ್ಷಿಸುವುದು ಅವಶ್ಯಕ.

ಇನ್ನೊಂದು, ಉಪ್ಪು. ರಿಯಾಕ್ಟಿವ್ ಬಣ್ಣವು ಹತ್ತಿಗೆ ಹಿಡಿಯಲು ತೊಟ್ಟಿಗೆ ಹೇರಳವಾಗಿ ಉಪ್ಪು ಹಾಕಲಾಗುತ್ತದೆ. ಈ ಉಪ್ಪು ನ್ಯಾನೋ ಕಣಗಳಿಗೆ ಸಿಕ್ಕುವಂಥದ್ದಲ್ಲ. ನೆರೆಯ ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿಗೆ ಸೇರಿದ ಇಂತಹ ನೀರಿನಿಂದ ಕೆಳಭಾಗದ ಒರತ್ತುಪಾಳಯಂ ಜಲಾಶಯದ ನೀರು ಬೇಸಾಯಕ್ಕೆ ಬಾರದಾಯಿತು. ಹೊರಬಿಡುವ ತ್ಯಾಜ್ಯವನ್ನು ಶೂನ್ಯಕ್ಕೆ ಇಳಿಸುವವರೆಗೆ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚುವಂತೆ ಮದ್ರಾಸ್ ಉಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಆದೇಶಿಸಿತು. ಉಪ್ಪನ್ನು ಬೇರ್ಪಡಿಸಲು ಹಿಮ್ಮುಖ ಪರಾಸರಣ ಮತ್ತು ಆವಿಯಾಗಿಸುವ ಯಂತ್ರಗಳೇ ಬೇಕು. ವೆಚ್ಚದ ಹೊರೆ ಇರುವುದೂ ಅಲ್ಲಿಯೇ.

ಖರೀದಿಗೆ ಮುನ್ನ:
ಪ್ರಕಟಿತ ಫಲಿತಾಂಶಗಳಲ್ಲಿ ಅನೇಕವು ಶುದ್ಧ ನೀರಿನಲ್ಲಿ ಮಿಥಿಲೀನ್ ಬ್ಲೂ ಮುಂತಾದ ಒಂದೇ ಬಣ್ಣವನ್ನು ಕರಗಿಸಿ ಪಡೆದವು. ಗಂಜಿ, ಸಾಬೂನು, ಉಪ್ಪು ಬೆರೆತ ನಿಜವಾದ ತ್ಯಾಜ್ಯನೀರಿನಲ್ಲಿ ಫಲ ಅಷ್ಟಿರುವುದಿಲ್ಲ. ಆದ್ದರಿಂದ ಮಾರಾಟಗಾರರ ಪಟ್ಟಿಯನ್ನು ನೆಚ್ಚದೆ, ಘಟಕದ ಸ್ವಂತ ನೀರಿನ ಮೇಲೆಯೇ ಪರೀಕ್ಷೆ ಮಾಡಿಸತಕ್ಕದ್ದು. ಪುಡಿಯನ್ನು ನೀರಿನಿಂದ ಮರಳಿ ಪಡೆಯುವ ಬಗೆ, ಎಷ್ಟು ಬಾರಿ ಮರುಬಳಸಬಹುದು ಎಂಬುದನ್ನು ಲಿಖಿತವಾಗಿ ಕೇಳತಕ್ಕದ್ದು. ಕಿಲೋ ಒಂದರ ದರಕ್ಕಿಂತ, ಸಾವಿರ ಲೀಟರ್ ನೀರಿಗೆ ಬೀಳುವ ವೆಚ್ಚವೇ ಸರಿಯಾದ ಲೆಕ್ಕ. ಬಣ್ಣ ಹೀರಿದ ಪುಡಿಯನ್ನು ಚರಂಡಿಗಾಗಲಿ ತಿಪ್ಪೆಗಾಗಲಿ ಹಾಕಕೂಡದು.

ಕರ್ನಾಟಕದಲ್ಲಿ ಬಣ್ಣದ ಘಟಕಗಳು 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆಯನ್ವಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕಾಗಿರುತ್ತದೆ. ಹೊಸ ವಿಧಾನ ಅಳವಡಿಸಿಕೊಂಡ ಕಾರಣಕ್ಕೆ ಈ ಷರತ್ತಿನಿಂದ ವಿನಾಯಿತಿ ದೊರೆಯುವುದಿಲ್ಲ.