ಸೇನಾ ನಾಯಕತ್ವ, ವೃತ್ತಿ ಮೌಲ್ಯಗಳು ಮತ್ತು ಸೇನಾ ಸಿದ್ಧಾಂತ: ಅಭ್ಯರ್ಥಿಗಳಿಗೆ ಮಾಹಿತಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಮುಂತಾದ ಕಾಫಿ ಬೆಳೆಯುವ ಮಲೆನಾಡು ಪ್ರದೇಶಗಳಿಂದ ಸೇನಾಧಿಕಾರಿ ಹುದ್ದೆಗೆ ಅರ್ಜಿ ಸಲ್ಲಿಸಬಯಸುವ ಯುವಕ ಯುವತಿಯರು ಹಾಗೂ ಅವರ ಪೋಷಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ದೇಹದಾರ್ಢ್ಯ ಮತ್ತು ಪರೀಕ್ಷೆಯ ಅಂಕಗಳಷ್ಟೇ ಅಧಿಕಾರಿಯ ಅರ್ಹತೆಯಲ್ಲ. ಬಲಪ್ರಯೋಗದ ಅಧಿಕಾರ ಪಡೆಯುವವರು ಅದರ ಮಿತಿಯನ್ನೂ ಅರಿತಿರಬೇಕು.

ವೃತ್ತಿ ಮೌಲ್ಯಗಳು

ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಯ ಉದ್ಘಾಟನೆಯ ಸಂದರ್ಭದಲ್ಲಿ, 1932ರ ಡಿಸೆಂಬರ್ 10ರಂದು, ಅಂದಿನ ಮಹಾದಂಡನಾಯಕ ಫಿಲಿಪ್ ಚೆಟ್‌ವುಡ್ ಅವರು ಅಧಿಕಾರಿಯ ಕರ್ತವ್ಯಕ್ರಮವನ್ನು ವಿವರಿಸಿದರು. ಅದರಂತೆ ದೇಶದ ಹಿತ ಮೊದಲನೆಯದು, ಅಧೀನ ಸೈನಿಕರ ಹಿತ ಎರಡನೆಯದು, ಸ್ವಂತ ಹಿತ ಕೊನೆಯದು.

ನಾಡಿನ ಮತ್ತೊಂದು ಕಾಫಿ ಜಿಲ್ಲೆಯಾದ ಕೊಡಗಿನ ಕೆ.ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನು ಪ್ರತಿವರ್ಷ ಸೇನಾ ದಿನವಾಗಿ ಆಚರಿಸಲಾಗುತ್ತದೆ. 1965ರ ಯುದ್ಧದಲ್ಲಿ ವಾಯುಪಡೆಯ ಅಧಿಕಾರಿಯಾಗಿದ್ದ ಅವರ ಪುತ್ರ ಪಾಕಿಸ್ತಾನದಲ್ಲಿ ಸೆರೆಯಾದಾಗ, ಇತರ ಯುದ್ಧಕೈದಿಗಳಿಗೆ ಇಲ್ಲದ ಸೌಲಭ್ಯ ತಮ್ಮ ಮಗನಿಗೂ ಬೇಡವೆಂಬ ನಿಲುವನ್ನು ಅವರು ತಳೆದರು.

ನಾಗರಿಕ ಸರ್ಕಾರಕ್ಕೆ ಅಧೀನತೆ

ಕೊಡಗಿನವರೇ ಆದ ಜನರಲ್ ಕೆ.ಎಸ್. ತಿಮ್ಮಯ್ಯನವರು 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ 1959ರಲ್ಲಿ ರಾಜೀನಾಮೆ ಸಲ್ಲಿಸಿ, ಪ್ರಧಾನಿ ನೆಹರೂ ಅವರ ಕೋರಿಕೆಯ ಮೇರೆಗೆ ಅದನ್ನು ಹಿಂಪಡೆದರು. ಚುನಾಯಿತ ಸರ್ಕಾರದ ಮುಂದೆ ಸೇನಾಧಿಕಾರಿಯು ತನ್ನ ಅಭಿಪ್ರಾಯವನ್ನು ನೇರವಾಗಿ ತಿಳಿಸಬಹುದು, ಹುದ್ದೆಯನ್ನೂ ತ್ಯಜಿಸಬಹುದು. ಆದರೆ ಅಂತಿಮ ತೀರ್ಮಾನ ಸರ್ಕಾರದ್ದೇ ಆಗಿರುತ್ತದೆ.

ಸೇನಾ ಸಿದ್ಧಾಂತದ ಪಾತ್ರ

ಯುದ್ಧ ಹಾಗೂ ಇತರ ಕಾರ್ಯಾಚರಣೆಗಳಲ್ಲಿ ಅನುಸರಿಸಬೇಕಾದ ಮೂಲತತ್ವಗಳ ಸಂಗ್ರಹವೇ ಸೇನಾ ಸಿದ್ಧಾಂತ. ಭಾರತೀಯ ಸೇನೆಯು 2004ರಲ್ಲಿ ತನ್ನ ಸಿದ್ಧಾಂತವನ್ನೂ, 2018ರಲ್ಲಿ ಭೂಯುದ್ಧ ಸಿದ್ಧಾಂತವನ್ನೂ ಪ್ರಕಟಿಸಿತು. ಪರಸ್ಪರ ಪರಿಚಯವಿಲ್ಲದ ತುಕಡಿಗಳೂ ಒಂದೇ ತಿಳುವಳಿಕೆಯಿಂದ ಕೆಲಸ ಮಾಡಲು ಇದು ನೆರವಾಗುತ್ತದೆ. ಆದರೆ ಸ್ಥಳದಲ್ಲಿರುವ ನಾಯಕನ ವಿವೇಚನೆಗೆ ಇದು ಬದಲಿಯಲ್ಲ.

ಇದಕ್ಕೆ ಜಿಲ್ಲೆಯಲ್ಲಿಯೇ ನಿದರ್ಶನವಿದೆ. 2019ರ ಆಗಸ್ಟ್‌ನಲ್ಲಿ ಅತಿವೃಷ್ಟಿಯಿಂದ ಮೂಡಿಗೆರೆ ತಾಲ್ಲೂಕಿನಲ್ಲಿ ಭೂಕುಸಿತ ಉಂಟಾದಾಗ ಸೈನಿಕರೂ ರಕ್ಷಣಾ ಕಾರ್ಯದಲ್ಲಿ ಪಾಲ್ಗೊಂಡರು. ಇಂತಹ ಸಂದರ್ಭಗಳಲ್ಲಿ ಸ್ಥಳೀಯ ಸಾಮರ್ಥ್ಯ ಸಾಲದಾದಾಗ ನಾಗರಿಕ ಆಡಳಿತದ ಕೋರಿಕೆಯಂತೆ ಸೇನೆ ಬರುತ್ತದೆ. ಅಗತ್ಯ ತೀರಿದೊಡನೆ ಹಿಂದಿರುಗುತ್ತದೆ. ಯಾವ ಕೆಲಸವಾಗಬೇಕೆಂಬುದನ್ನು ಆಡಳಿತ ತಿಳಿಸುತ್ತದೆ. ಕುಸಿಯುತ್ತಿರುವ ಗುಡ್ಡದ ಮೇಲೆ ಸೈನಿಕರನ್ನು ಯಾವಾಗ, ಯಾವ ದಾರಿಯಲ್ಲಿ ಕಳುಹಿಸಬೇಕೆಂಬ ಹೊಣೆ ಮಾತ್ರ ತುಕಡಿಯ ಅಧಿಕಾರಿಯದು.

ಅರ್ಜಿದಾರರ ಗಮನಕ್ಕೆ

1. ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಮತ್ತು ಸಂಯುಕ್ತ ರಕ್ಷಣಾ ಸೇವೆಗಳ ಲಿಖಿತ ಪರೀಕ್ಷೆಗಳನ್ನು ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಅರ್ಜಿಯನ್ನು ಆಯೋಗದ ಅಧಿಕೃತ ಜಾಲತಾಣದ ಮೂಲಕವೇ ಸಲ್ಲಿಸತಕ್ಕದ್ದು.
2. ಅಕಾಡೆಮಿಯ ಸೇನಾ ವಿಭಾಗಕ್ಕೆ ದ್ವಿತೀಯ ಪಿಯುಸಿ ಅಥವಾ ತತ್ಸಮಾನ ವಿದ್ಯಾರ್ಹತೆ ಅಗತ್ಯ. 2022ರಿಂದ ಯುವತಿಯರಿಗೂ ಪ್ರವೇಶವಿದೆ.
3. ಲಿಖಿತ ಪರೀಕ್ಷೆಯಲ್ಲಿ ಅರ್ಹರಾದವರು ಸೇವಾ ಆಯ್ಕೆ ಮಂಡಳಿಯ ಮುಂದೆ ಹಾಜರಾಗಬೇಕು. ಅಲ್ಲಿ ಹೊಣೆಗಾರಿಕೆ, ಸಹಕಾರ, ನಿರ್ಧಾರಶಕ್ತಿ ಮುಂತಾದ ಗುಣಗಳನ್ನು ಪರಿಶೀಲಿಸಲಾಗುತ್ತದೆ. ಕಂಠಪಾಠದ ಉತ್ತರಗಳಿಂದ ಪ್ರಯೋಜನವಿಲ್ಲ.
4. ಆಯ್ಕೆ ಮಾಡಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು.